ನಿದ್ದೆ ಬರುತ್ತದೋ, ನಿದ್ದೆಗೆ ಬೀಳುತ್ತೇವೋ?

ಹೋದ ಸಂಚಿಕೆಯಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ ಸುಮ್ನೆ ಒಂದು ಮಾತು ಹಾಕಿದ್ದೆ. ‘ಐ ಆಮ್ ಗೆಟ್ಟಿಂಗ್ ಸ್ಲೀಪ್’ ಅನ್ನಬೇಡಿ, ಇಂಗ್ಲಿಷಿನವರು ಹಾಗೆ ಹೇಳುವುದಿಲ್ಲ ಅಂತ. ಅಷ್ಟಕ್ಕೇ 19 ಪತ್ರ ಬಂದಿವೆ. ಕೆಲವರಿಗೆ ಕೋಪ, ಕೆಲವರಿಗೆ ಅನುಮಾನ, ಒಬ್ಬರಿಗೆ ನಾಯಿಯ ಚಿಂತೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ನಿದ್ದೆಗೇ ಬಿಟ್ಟುಕೊಟ್ಟಿದ್ದೇನೆ. 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು ನಾನು. ಮಧ್ಯಾಹ್ನ ಊಟದ ಬೆಲ್ ಆದಮೇಲಿನ ಮೊದಲ ಪೀರಿಯಡ್ ಯಾವಾಗಲೂ ನನ್ನ ತಲೆಗೇ ಬೀಳುತ್ತಿತ್ತು. 60 ಮಕ್ಕಳು, ಹೊಟ್ಟೆ ತುಂಬ ಚಿತ್ರಾನ್ನ, ಮೇಲೆ ಕಿರಗುಟ್ಟುವ ಫ್ಯಾನು. ನಿದ್ದೆ ಬಗ್ಗೆ ನನಗೆ ಅನುಭವ ಕಡಿಮೆಯಿಲ್ಲ.

ಮೇಡಂ, ‘ನಿದ್ದೆ ಬರ್ತಿದೆ’ ಅನ್ನುವುದಕ್ಕೆ ‘ಸ್ಲೀಪ್ ಈಸ್ ಕಮಿಂಗ್’ ಅಂದರೆ ಏನು ತಪ್ಪು? ಕನ್ನಡದಲ್ಲಿ ಬರುವ ನಿದ್ದೆ ಇಂಗ್ಲಿಷಿನಲ್ಲಿ ಯಾಕೆ ಬರಬಾರದು?
*ಗೃಹಿಣಿ, ವಿಜಯನಗರ*

ನಿಮ್ಮ ಪ್ರಶ್ನೆ ಓದಿ ಎರಡು ದಿನ ಯೋಚನೆ ಮಾಡಿದೆ ಅಮ್ಮ. ಕನ್ನಡದಲ್ಲಿ ನಿದ್ದೆ ಅನ್ನುವುದು ನೆಂಟರ ಹಾಗೆ. ಕರೆದಾಗ ಬರುವುದಿಲ್ಲ, ಬೇಡದ ಹೊತ್ತಿನಲ್ಲಿ ಬಂದು ಕೂರುತ್ತದೆ. ‘ನನಗೆ ನಿದ್ದೆ ಬಂತು’ ಅನ್ನುತ್ತೇವೆ. ಅಲ್ಲಿ ಬಂದದ್ದು ನಿದ್ದೆ, ನಾವು ಕೂತಲ್ಲೇ ಕೂತಿದ್ದೇವೆ. ಸಿಟ್ಟು, ನಗು, ಅಳು, ಆಕಳಿಕೆ, ಸೀನು, ಎಲ್ಲವೂ ನಮಗೆ ‘ಬರುತ್ತವೆ’. ಇಂಗ್ಲಿಷಿನಲ್ಲಿ ಇಂಥ ಮಾತಿಗೆಲ್ಲ ಮನುಷ್ಯನೇ ಮುಂದೆ ನಿಲ್ಲಬೇಕು. ಅವನು ‘ಸ್ಲೀಪಿ’ ಆಗುತ್ತಾನೆ, ಆಮೇಲೆ ತಾನೇ ಹೋಗಿ ನಿದ್ದೆಗೆ ಬೀಳುತ್ತಾನೆ. ‘ಐ ಆಮ್ ಸ್ಲೀಪಿ’, ‘ಐ ಫೆಲ್ ಅಸ್ಲೀಪ್’. ಅವರು ಬೀಳುವುದೂ ಜಾಸ್ತಿ. ಕಾಯಿಲೆ ಬೀಳುತ್ತಾರೆ, ‘ಫಾಲ್ ಇಲ್’. ಪ್ರೀತಿಯಲ್ಲೂ ಬೀಳುತ್ತಾರೆ. ನಾವೂ ಕಾಯಿಲೆ ಬೀಳುತ್ತೇವೆ. ಪ್ರೀತಿಯಲ್ಲಿ ಬೀಳುವುದನ್ನು ನಮಗೆ ಸಿನಿಮಾದವರು ಕಲಿಸಿದರು. ನಿದ್ದೆಗೆ ಮಾತ್ರ ನಾವು ಬೀಳುವುದಿಲ್ಲ, ಬಹಳ ಆದರೆ ಜಾರುತ್ತೇವೆ.

ನೀವು ಕೇಳಿದ್ದಕ್ಕೆ ನೇರ ಉತ್ತರ: ಕಣ್ಣು ಎಳೆಯುತ್ತಿದ್ದರೆ ‘ಐ ಆಮ್ ಸ್ಲೀಪಿ’ ಅಥವಾ ‘ಐ ಫೀಲ್ ಸ್ಲೀಪಿ’. ರಾತ್ರಿ ಹೊರಳಾಡಿದ್ದರೆ ‘ಐ ಕುಡಂಟ್ ಸ್ಲೀಪ್’. ‘ಐ ಡಿಡಂಟ್ ಗೆಟ್ ಎನಿ ಸ್ಲೀಪ್’ ಅನ್ನುವುದೂ ಸರಿ. ಅದು ಲೆಕ್ಕದ ಮಾತು, ಎಷ್ಟು ನಿದ್ದೆ ಸಿಕ್ಕಿತು ಅಂತ. ಈಗ ನಿದ್ದೆ ಬರುತ್ತಿದೆ ಅನ್ನುವುದಕ್ಕೆ ಆ ‘ಗೆಟ್’ ಎಳೆದು ತರಬೇಡಿ. ಇನ್ನು ಪೂರ್ತಿ ನ್ಯಾಯವಾಗಿ ಹೇಳಬೇಕಾದರೆ, ಇಂಗ್ಲಿಷ್ ಕಾದಂಬರಿಗಳಲ್ಲಿ ‘ಸ್ಲೀಪ್ ವುಡ್ ನಾಟ್ ಕಮ್’ ಅಂತ ಬರೆಯುವುದುಂಟು. ಅಲ್ಲಿ ಅವರ ನಿದ್ದೆಯೂ ನಮ್ಮದರ ಹಾಗೆ ಬಾಗಿಲಲ್ಲಿ ನಿಂತು ಆಟ ಆಡಿಸುತ್ತದೆ. ಬಸ್‌ಸ್ಟಾಪಿನಲ್ಲಿ ನಿಂತು ಮಾತಾಡುವಾಗ ಯಾರೂ ಹಾಗೆ ಹೇಳುವುದಿಲ್ಲ, ಅಷ್ಟೇ.

ಅಂದಹಾಗೆ ಕೆಮ್ಮಿನ ಸಿರಪ್ ಬಾಟಲಿಯ ಮೇಲೆ ‘ಡ್ರೌಸಿನೆಸ್’ ಅಂತ ಬರೆದಿರುತ್ತಾರಲ್ಲ, ಅದು ನಮ್ಮ ಮಂಪರು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಅದನ್ನು ಕುಡಿದು ಸ್ಕೂಟರ್ ಹತ್ತಬೇಡಿ.

ಸ್ಕ್ಯಾನಿಂಗ್ ಮಾಡುವಲ್ಲಿ ‘ಸ್ಲೀಪ್ ಆನ್ ದಿ ಬೆಡ್’ ಅನ್ನುತ್ತಾರೆ. ಅದು ಸರಿಯೇ?
*ನಿವೃತ್ತ ಗುಮಾಸ್ತರು, ರಾಜಾಜಿನಗರ*

ಸರಿ ಅಲ್ಲ ಸಾರ್, ಆದರೆ ಯಾಕೆ ಹಾಗೆ ಅನ್ನುತ್ತಾರೆ ಅಂತ ನನಗೆ ಗೊತ್ತು. ತಪ್ಪು ‘ಮಲಗು’ ಅನ್ನುವ ನಮ್ಮ ಮಾತಿನದ್ದು. ಚಾಪೆಯ ಮೇಲೆ ಮೈ ಚಾಚಿದರೂ ಮಲಗಿದ್ದಾರೆ, ಗೊರಕೆ ಹೊಡೆಯುತ್ತಿದ್ದರೂ ಮಲಗಿದ್ದಾರೆ. ಬಾಗಿಲಿಗೆ ಬಂದವರಿಗೆ ‘ಮಲಗಿದ್ದಾರೆ’ ಅಂದರೆ ಸಾಕು, ಅವರು ಚಪ್ಪಲಿ ಹಾಕಿಕೊಂಡು ವಾಪಸ್ ಹೊರಡುತ್ತಾರೆ. ಇಂಗ್ಲಿಷಿನಲ್ಲಿ ಮೈ ಚಾಚುವುದು ‘ಲೈ ಡೌನ್’, ನಿದ್ದೆ ಮಾಡುವುದು ‘ಸ್ಲೀಪ್’. ಎರಡೂ ಬೇರೆ ಬೇರೆ ಕೆಲಸ.

ಹೋದ ವರ್ಷ ನನ್ನದೇ ಹೊಟ್ಟೆ ಸ್ಕ್ಯಾನ್ ಮಾಡಿಸಲು ಒಂದು ಕಡೆ ಹೋಗಿದ್ದೆ. ಲೀಟರ್‌ಗಟ್ಟಲೆ ನೀರು ಕುಡಿಸಿ, ಎರಡು ಗಂಟೆ ಕಾಯಿಸಿ, ಕೊನೆಗೆ ಒಳಗೆ ಕರೆದರು. ಆ ಹುಡುಗಿ ‘ಸ್ಲೀಪ್ ಮಾಡಿ ಆಂಟಿ’ ಅಂದಳು. ಎಸಿ ತಣ್ಣಗಿತ್ತು, ದೀಪ ಮಂದ ಮಾಡಿದ್ದರು, ಡಾಕ್ಟರ್ ಇನ್ನೂ ಬಂದಿರಲಿಲ್ಲ. ನಾನು ಹೇಳಿದ ಮಾತು ಕೇಳುವವಳು. ಹತ್ತು ನಿಮಿಷ ಬಿಟ್ಟು ಡಾಕ್ಟರ್ ಬಂದು ಹೊಟ್ಟೆಗೆ ಜೆಲ್ ಹಚ್ಚಿದಾಗ ಬೆಚ್ಚಿ ಎದ್ದು ಕೂತೆ. ‘ಮಲಗಿ ಅಂದ್ರೆ ನಿದ್ದೆನೇ ಮಾಡಿಬಿಟ್ರಾ?’ ಅಂತ ಹುಡುಗಿ ನಕ್ಕಳು. ಕನ್ನಡದಲ್ಲಿ ಅವಳಿಗೆ ಎಷ್ಟು ಚೆನ್ನಾಗಿ ವ್ಯತ್ಯಾಸ ಗೊತ್ತಿತ್ತು ನೋಡಿ!

ಈ ‘ಲೈ’ ಒಂದು ಕಾಟದ ಪದ. ವರ್ತಮಾನದಲ್ಲಿ ‘ಲೈ’, ಭೂತಕಾಲದಲ್ಲಿ ‘ಲೇ’. ಆದರೆ ‘ಲೇ’ ಅನ್ನುವ ಇನ್ನೊಂದು ಕ್ರಿಯಾಪದವೇ ಇದೆ, ಇಡುವುದು ಅಂತ ಅರ್ಥ, ಅದರ ಭೂತಕಾಲ ‘ಲೇಯ್ಡ್’. ಇದರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರೂ ಎಡವುತ್ತಾರೆ, ನಾವು ನಾಚಿಕೆ ಪಡಬೇಕಾಗಿಲ್ಲ. ನೆನಪಿಗೆ ಒಂದು ಗಾದೆ ಇಟ್ಟುಕೊಳ್ಳಿ: ‘ಲೆಟ್ ಸ್ಲೀಪಿಂಗ್ ಡಾಗ್ಸ್ ಲೈ’. ನಿದ್ದೆ ಮಾಡುವ ನಾಯಿಯನ್ನು ಬಿದ್ದುಕೊಂಡಿರಲು ಬಿಡು ಅಂತ. ಒಂದೇ ಗಾದೆಯಲ್ಲಿ ‘ಸ್ಲೀಪ್’ ಇದೆ, ‘ಲೈ’ ಕೂಡ ಇದೆ, ಎರಡಕ್ಕೂ ಅದರದರ ಕೆಲಸ. ಮಲಗಿದ ನಾಯಿಯನ್ನು ಎಬ್ಬಿಸಬಾರದು ಅನ್ನುವ ಈ ಮಾತನ್ನು 14ನೇ ಶತಮಾನದಲ್ಲೇ ಚಾಸರ್ ಕವಿ ಬಳಸಿದ್ದಾನೆ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ‘ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು’ ಅನ್ನುವುದು. ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಪೇಪರ್ ಹಾಕುವ ಹುಡುಗನಿಗೆ ಈ ಎರಡು ಗಾದೆಯೂ ಗೊತ್ತಿಲ್ಲ. ಆದರೂ ಕಾರಿನ ಕೆಳಗೆ ಕಂದು ನಾಯಿ ಮಲಗಿದ್ದರೆ ಸೈಕಲ್ ಬೆಲ್ ಮಾಡದೆ ತಳ್ಳಿಕೊಂಡು ಹೋಗುತ್ತಾನೆ.

ನನ್ನ ಮ್ಯಾನೇಜರ್ ಅಮೆರಿಕದಲ್ಲಿದ್ದಾರೆ. ‘ಐ ಸ್ಲೆಪ್ಟ್ ಲೇಟ್, ಸೋ ಐ ಆಮ್ ಟಯರ್ಡ್’ ಅಂತ ಮೆಸೇಜ್ ಹಾಕಿದೆ. ಅವರು ವಿಚಿತ್ರವಾಗಿ ಪ್ರತಿಕ್ರಿಯಿಸಿದರು. ಯಾಕೆ?
*ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು*

ಪಾಪ ಕಣಪ್ಪ. ನೀನು ಹೇಳಿದ್ದು ‘ರಾತ್ರಿ ಲೇಟಾಗಿ ಮಲಗಿದೆ’ ಅಂತ. ಅವರಿಗೆ ಕೇಳಿಸಿದ್ದು ‘ಬೆಳಿಗ್ಗೆ ಲೇಟಾಗಿ ಎದ್ದೆ’ ಅಂತ. ಇಂಗ್ಲಿಷಿನಲ್ಲಿ ‘ಸ್ಲೀಪ್ ಲೇಟ್’ ಅಂದರೆ ಹೊತ್ತೇರುವ ತನಕ ನಿದ್ದೆ ಹೊಡೆಯುವುದು. ಹೊತ್ತೇರುವ ತನಕ ನಿದ್ದೆ ಮಾಡಿ ಸುಸ್ತಾಗಿದೆ ಅಂದರೆ ಯಾರಿಗಾದರೂ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ನೀನು ಹೇಳಬೇಕಿದ್ದದ್ದು ‘ಐ ವೆಂಟ್ ಟು ಬೆಡ್ ಲೇಟ್’ ಅಥವಾ ‘ಐ ವಾಸ್ ಅಪ್ ಲೇಟ್’.

ಇಲ್ಲೂ ಅದೇ ‘ಮಲಗು’ ಕಾಟ ಕೊಟ್ಟಿದೆ. ‘ಹನ್ನೆರಡಕ್ಕೆ ಮಲಗಿದೆ’ ಅಂದರೆ ನಮಗೆ ಶುರುವಾದ ಗಳಿಗೆ ಮುಖ್ಯ. ‘ಸ್ಲೆಪ್ಟ್’ ಅಂದರೆ ಅವರಿಗೆ ಅಲ್ಲಿಂದ ಎದ್ದ ತನಕದ ಪೂರ್ತಿ ನಿದ್ದೆ.

ಇದೇ ಮನೆಯ ಇನ್ನಿಬ್ಬರ ಪರಿಚಯ ಮಾಡಿಕೋ. ‘ಸ್ಲೀಪ್ ಇನ್’ ಅಂದರೆ ಭಾನುವಾರ ಬೇಕಂತಲೇ ಎಂಟರ ತನಕ ಮುಸುಕು ಹಾಕಿಕೊಳ್ಳುವುದು. ‘ಓವರ್‌ಸ್ಲೀಪ್’ ಅಂದರೆ ಸೋಮವಾರ ಅಲಾರಂ ಕೇಳಿಸದೆ ಎಂಟಾಗಿಹೋಗುವುದು. ಒಂದು ಸುಖ, ಇನ್ನೊಂದು ಅಪರಾಧ. ಬಾಸ್‌ಗೆ ಬರೆಯುವಾಗ ಇವೆರಡನ್ನು ಅದಲು ಬದಲು ಮಾಡಬೇಡ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಅವರು ಕಾಫಿ ಲೋಟ ಹಿಡಿದು ಮೀಟಿಂಗಿಗೆ ಕೂತರೆ ನೀನು ಆಕಳಿಸುತ್ತಾ ಕೂತಿರುತ್ತೀಯ. ವ್ಯಾಕರಣಕ್ಕಿಂತ ಮೊದಲು ನಿನ್ನ ಮೀಟಿಂಗಿನ ಟೈಮ್ ಬದಲಾಯಿಸಲು ಕೇಳು.

‘ಆ್ಯನ್ ಅಸ್ಲೀಪ್ ಬೇಬಿ’ ಅಂತ ಬರೆದಿದ್ದಕ್ಕೆ ಒಂದು ಮಾರ್ಕ್ ಕಟ್ ಮಾಡಿದರು. ‘ಸ್ಲೀಪಿಂಗ್ ಬೇಬಿ’ ಸರಿ ಅಂತೆ. ಎರಡೂ ಒಂದೇ ಅಲ್ವಾ ಮಿಸ್?
*ಹತ್ತನೇ ಕ್ಲಾಸಿನ ವಿದ್ಯಾರ್ಥಿನಿ, ಬಸವೇಶ್ವರನಗರ*

ಅರ್ಥ ಒಂದೇ ಕಣಮ್ಮ, ಕೂರುವ ಜಾಗ ಬೇರೆ. ‘ಅಸ್ಲೀಪ್’ ಅನ್ನುವುದು ಮೂಲದಲ್ಲಿ ಒಂದು ಪದವೇ ಅಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ‘ಆನ್ ಸ್ಲೀಪ್’, ಅಂದರೆ ನಿದ್ದೆಯಲ್ಲಿ. ಆಡುತ್ತಾ ಆಡುತ್ತಾ ‘ಆನ್’ ಸವೆದು ಬರೀ ‘ಅ’ ಆಯಿತು. ನಾವು ‘ಹೋಗುತ್ತೇನೆ’ಯನ್ನು ‘ಹೋಗ್ತೀನಿ’ ಮಾಡಿದ ಹಾಗೆ. ‘ಅಲೈವ್’ ಕೂಡ ಹಾಗೇ ಆದದ್ದು, ‘ಜೀವದಲ್ಲಿ’ ಅಂತ. ಈಗ ಕನ್ನಡದಲ್ಲಿ ಯೋಚನೆ ಮಾಡು. ‘ಮಗು ನಿದ್ದೆಯಲ್ಲಿದೆ’ ಅನ್ನಬಹುದು. ‘ನಿದ್ದೆಯಲ್ಲಿ ಮಗು’ ಅಂದರೆ ಮಾತು ಅರ್ಧಕ್ಕೇ ನಿಂತ ಹಾಗೆ ಇದೆ. ಅದಕ್ಕೇ ‘ದಿ ಬೇಬಿ ಈಸ್ ಅಸ್ಲೀಪ್’ ಸರಿ, ‘ಬೇಬಿ’ಗಿಂತ ಮೊದಲು ತಂದು ಕೂರಿಸಿದರೆ ತಪ್ಪು. ನಿಮ್ಮ ಮಿಸ್ ಮಾರ್ಕ್ ಕಟ್ ಮಾಡಿದ್ದು ನ್ಯಾಯವೇ. ಕಾರಣ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು.

ನೀನು ಕೇಳದೇ ಇದ್ದರೂ ಇನ್ನೊಂದು ಹೇಳುತ್ತೇನೆ. ‘ಫಾಸ್ಟ್ ಅಸ್ಲೀಪ್’ ಅಂತ ಓದಿದಾಗ ನಮ್ಮ ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೈ ಎತ್ತುತ್ತಿದ್ದರು, ‘ಮಿಸ್, ನಿದ್ದೆಯಲ್ಲಿ ಫಾಸ್ಟ್ ಏನು?’ ಅಂತ. ‘ಫಾಸ್ಟ್’ನ ಹಳೆಯ ಅರ್ಥ ವೇಗ ಅಲ್ಲ, ಬಿಗಿ, ಗಟ್ಟಿ. ಬಸ್ಸಿನಲ್ಲಿ ಸೀಟ್ ಬೆಲ್ಟ್ ‘ಫಾಸನ್’ ಮಾಡು ಅನ್ನುತ್ತಾರಲ್ಲ, ಅದೇ ಪದ. ವೇಗ ಅನ್ನುವ ಅರ್ಥ ಆಮೇಲೆ ಅಂಟಿಕೊಂಡಿತು. ‘ಸೌಂಡ್ ಅಸ್ಲೀಪ್’ನಲ್ಲಿರುವ ‘ಸೌಂಡ್’ ಕೂಡ ಸದ್ದಲ್ಲ. ಅದು ಆರೋಗ್ಯವಾಗಿ, ಸರಿಯಾಗಿ ಇರುವುದು. ‘ಸೇಫ್ ಅಂಡ್ ಸೌಂಡ್’ನಲ್ಲಿರುವುದೂ ಅದೇ. ಸದ್ದಿನ ‘ಸೌಂಡ್’ ಲ್ಯಾಟಿನ್ನಿಂದ ಬಂದ ಬೇರೆಯೇ ಪದ. ಎರಡೂ ಒಂದೇ ಬಟ್ಟೆ ಹಾಕಿಕೊಂಡು ಓಡಾಡುತ್ತಿವೆ, ಅಷ್ಟೇ. ನಮ್ಮ ಮನೆಯವರ ವಿಷಯದಲ್ಲಿ ಮಾತ್ರ ಎರಡು ಅರ್ಥವೂ ಹೊಂದುತ್ತದೆ. ಅವರದು ಸದ್ದಿನ ‘ಸೌಂಡ್ ಸ್ಲೀಪ್’.

ವಾಟ್ಸಾಪಿನಲ್ಲಿ ಬಂದಿದೆ: ಹಿಂದಿನ ಕಾಲದಲ್ಲಿ ಮಂಚಕ್ಕೆ ಹಗ್ಗ ಬಿಗಿಯುತ್ತಿದ್ದರು, ಅದಕ್ಕೇ ‘ಸ್ಲೀಪ್ ಟೈಟ್’ ಅನ್ನುತ್ತಾರೆ ಅಂತ. ನಿಜವೇ?
*ಹಿರಿಯ ನಾಗರಿಕರು, ಬಸವನಗುಡಿ*

ಹಗ್ಗದ ಮಂಚ ಇದ್ದದ್ದು ನಿಜ ಸಾರ್. ಅದಕ್ಕೂ ಈ ಮಾತಿಗೂ ಗಂಟು ಹಾಕಿದ್ದು ಯಾರೋ ಆಮೇಲೆ. ‘ಟೈಟ್’ಗೆ ಗಾಢವಾಗಿ, ಚೆನ್ನಾಗಿ ಅನ್ನುವ ಅರ್ಥ ಮೊದಲೇ ಇತ್ತು. ‘ಸ್ಲೀಪ್ ಟೈಟ್’ ಅಂದರೆ ‘ಚೆನ್ನಾಗಿ ನಿದ್ದೆ ಮಾಡು’, ಅಷ್ಟೇ. ಹಗ್ಗ ಬಿಗಿಯುವ ಕಥೆ ಕೇಳಲು ಚೆಂದ. ನಮಗೂ ನವಾರದ ಮಂಚ ಬಿಗಿದ ನೆನಪಿರುವುದರಿಂದ ತಕ್ಷಣ ನಂಬಿಕೆ ಬರುತ್ತದೆ.

ಹಾಸಿಗೆಗೆ ನಿಜವಾಗಿ ಗಂಟು ಬಿದ್ದಿರುವ ಮಾತುಗಳು ಬೇರೆ ಇವೆ. ‘ಹಿಟ್ ದಿ ಹೇ’, ‘ಹಿಟ್ ದಿ ಸ್ಯಾಕ್’. ಎರಡೂ ಅಮೆರಿಕದವು, ಎರಡಕ್ಕೂ ಹೋಗಿ ಮಲಗುವುದು ಅಂತ ಅರ್ಥ. ಒಂದು ಒಣಹುಲ್ಲು, ಇನ್ನೊಂದು ಚೀಲ. ಚೀಲಕ್ಕೆ ಹುಲ್ಲು ತುಂಬಿ ಅದರ ಮೇಲೆ ಮಲಗುತ್ತಿದ್ದ ಕಾಲದ ವಾಸನೆ ಈ ಮಾತುಗಳಲ್ಲಿ ಉಳಿದಿದೆ.

ಇದನ್ನು ಬರೆಯುವಾಗ ನನಗೆ ನೆನಪಾದದ್ದು ಹತ್ತಿ ಹಿಂಜುವವರು. ನಾನು ಚಿಕ್ಕವಳಿದ್ದಾಗ ಚಾಮರಾಜಪೇಟೆಯ ನಮ್ಮ ವಠಾರಕ್ಕೆ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಬರುತ್ತಿದ್ದರು. ಹೆಗಲ ಮೇಲೆ ಆಳುದ್ದದ ಬಿಲ್ಲು. ಅದರ ದಾರವನ್ನು ಮರದ ಕೊಡತಿಯಂಥದ್ದರಿಂದ ಮೀಟಿದರೆ ‘ಟೊಂಯ್ ಟೊಂಯ್’ ಅನ್ನುವ ಸದ್ದು. ಗಂಟುಗಂಟಾದ ಹಳೆಯ ಹತ್ತಿ ಆ ದಾರಕ್ಕೆ ಸಿಕ್ಕಿ ಹಾರಿ ಹಾರಿ ಬೀಳುತ್ತಿತ್ತು. ಅಂಗಳವೆಲ್ಲ ಬೆಳ್ಳಗೆ, ನಮ್ಮ ಹುಬ್ಬು ರೆಪ್ಪೆಯೆಲ್ಲ ಬೆಳ್ಳಗೆ. ಅದೇ ಹತ್ತಿಯನ್ನು ಮತ್ತೆ ಹಾಸಿಗೆಗೆ ತುಂಬಿ, ದಪ್ಪ ಸೂಜಿಯಿಂದ ಹೊಲಿದು, ಕೋಲಿನಿಂದ ಬಡಿದು ಕೊಡುತ್ತಿದ್ದರು. ಆ ರಾತ್ರಿಯ ನಿದ್ದೆಗೆ ಇಂಗ್ಲಿಷಿನ ಯಾವ ನುಡಿಗಟ್ಟೂ ಸಾಲದು. ಈಗ ಫೋಮ್ ಹಾಸಿಗೆ ಡಬ್ಬದಲ್ಲಿ ಸುತ್ತಿಕೊಂಡು ಮನೆಗೆ ಬರುತ್ತದೆ, ಕತ್ತರಿಸಿದರೆ ಉಬ್ಬುತ್ತದೆ. ನಿದ್ದೆ ಅದರೊಳಗೆ ಇಟ್ಟಿರುವುದಿಲ್ಲ.

ಮರದ ದಿಮ್ಮಿ, ಬುಗುರಿ, ಮಗು: ಇಂಗ್ಲಿಷರು ಇವೆಲ್ಲದರ ಹಾಗೆ ನಿದ್ದೆ ಮಾಡುತ್ತಾರಂತೆ. ‘ಫಾರ್ಟಿ ವಿಂಕ್ಸ್’ ಅಂದರೇನು?
*ಅಂಗಡಿ ಮಾಲೀಕರು, ಯಶವಂತಪುರ*

ದಿಮ್ಮಿ ಸುಲಭ, ನಾವೂ ‘ಕೊರಡಿನ ಹಾಗೆ ಬಿದ್ದುಕೊಂಡಿದ್ದಾನೆ’ ಅನ್ನುತ್ತೇವೆ. ಬುಗುರಿ ಜೋರಾಗಿ ತಿರುಗುವಾಗ ಅಲ್ಲಾಡದೆ ನಿಂತ ಹಾಗೆ ಕಾಣುತ್ತದಲ್ಲ, ಅದಕ್ಕೆ ‘ಸ್ಲೀಪ್ ಲೈಕ್ ಎ ಟಾಪ್’. ಮಗುವಿನ ಹಾಗೆ ನಿದ್ದೆ ಅನ್ನುವುದನ್ನು ಮಾತ್ರ ಮಗು ಸಾಕದ ಗಂಡಸು ಯಾರೋ ಕಟ್ಟಿರಬೇಕು. ನನ್ನ ಮೊಮ್ಮಗ ಮೊದಲ ಆರು ತಿಂಗಳು ಎರಡು ಗಂಟೆಗೊಮ್ಮೆ ಎದ್ದು ಇಡೀ ಫ್ಲೋರನ್ನು ಎಬ್ಬಿಸಿದ್ದ.

‘ವಿಂಕ್’ ಅಂದರೆ ರೆಪ್ಪೆ ಮುಚ್ಚುವುದು. ‘ಐ ಡಿಡಂಟ್ ಸ್ಲೀಪ್ ಎ ವಿಂಕ್’ ಅಂದರೆ ನಮ್ಮ ‘ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ’. ‘ಫಾರ್ಟಿ ವಿಂಕ್ಸ್’ ಅಂದರೆ ಹಗಲು ಹೊತ್ತಿನ ಒಂದು ಚಿಕ್ಕ ನಿದ್ದೆ. 40 ಅನ್ನುವುದು ಎಣಿಸಿದ ಲೆಕ್ಕ ಅಲ್ಲ, ‘ನಾಲ್ಕು ಮಾತು ಆಡಿದೆ’ ಅಂದಾಗ ನಾವು ನಾಲ್ಕೇ ಎಣಿಸಿರುತ್ತೇವೆಯೇ?

‘ಸಿಯೆಸ್ಟಾ’ ಅಂದರೆ ಸ್ಪ್ಯಾನಿಷ್‌ನಲ್ಲಿ ನಿದ್ದೆ ಅಂತ ನೀವು ಹಿಂದೊಮ್ಮೆ ಬರೆದಿದ್ದಿರಿ. ನಮ್ಮ ಮಗಳು ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ, ತಪ್ಪು ಅನ್ನುತ್ತಾಳೆ.
*ಓದುಗರು, ಮಲ್ಲೇಶ್ವರ*

ಮಗಳು ಹೇಳಿದ್ದು ಸರಿ, ನನ್ನದು ತಪ್ಪು. ಆ ಪದಕ್ಕೂ ನಿದ್ದೆಗೂ ಹುಟ್ಟಿನಿಂದ ಸಂಬಂಧವಿಲ್ಲ. ಮೂಲ ಲ್ಯಾಟಿನ್, ‘ಆರನೆಯ ಗಂಟೆ’ ಅಂತ ಅರ್ಥ. ರೋಮಿನವರು ಸೂರ್ಯ ಹುಟ್ಟಿದಾಗಿನಿಂದ ಗಂಟೆ ಎಣಿಸುತ್ತಿದ್ದರು. ಆರನೆಯದು ಅಂದರೆ ನಡು ಮಧ್ಯಾಹ್ನ. ಬಿಸಿಲಿಗೆ ಹೆದರಿ ಮಲಗುವ ಹೊತ್ತು. ಹೊತ್ತಿನ ಹೆಸರೇ ನಿದ್ದೆಯ ಹೆಸರಾಯಿತು. ಇನ್ನೊಂದು ತಮಾಷೆ ಹೇಳಲೇ? ‘ನೂನ್’ ಅನ್ನುವುದು ‘ಒಂಬತ್ತನೆಯ ಗಂಟೆ’ಯಿಂದ ಬಂದದ್ದು, ಅಂದರೆ ಮಧ್ಯಾಹ್ನ ಮೂರು. ಅದು ಹೇಗೋ ಹಿಂದಕ್ಕೆ ಜಾರಿ ಜಾರಿ ಹನ್ನೆರಡಕ್ಕೆ ಬಂದು ನಿಂತಿದೆ.

ನನ್ನ ತಪ್ಪಿಗೂ ಇಂಗ್ಲಿಷಿನಲ್ಲಿ ಒಂದು ನಿದ್ದೆಯ ಮಾತಿದೆ: ‘ಈವನ್ ಹೋಮರ್ ನಾಡ್ಸ್’. ಹೋಮರನಂಥ ಮಹಾಕವಿಯೂ ಒಮ್ಮೊಮ್ಮೆ ತೂಕಡಿಸುತ್ತಾನೆ ಅಂತ. ಎರಡು ಸಾವಿರ ವರ್ಷದ ಹಿಂದೆ ಹೊರೇಸ್ ಅನ್ನುವ ರೋಮಿನ ಕವಿ ಬರೆದ ಮಾತಿನಿಂದ ಇದು ಬಂದಿದೆ. ನಮ್ಮವರು ‘ನಡೆಯುವವನು ಎಡವದೆ ಕುಳಿತವನು ಎಡವುತ್ತಾನೆಯೇ’ ಅಂದರು. ನನಗೆ ನಮ್ಮದೇ ಇಷ್ಟ. ಅದರಲ್ಲಿ ತಪ್ಪು ಮಾಡಿದವನಿಗೆ ಸ್ವಲ್ಪ ಮರ್ಯಾದೆ ಸಿಗುತ್ತದೆ.

ಈ ‘ನಾಡ್’ ಅನ್ನುವುದು ಸರಿಯಾಗಿ ನಮ್ಮ ತೂಕಡಿಕೆ. ತಲೆ ಮುಂದಕ್ಕೆ ಬಾಗಿ ಮತ್ತೆ ಮೇಲಕ್ಕೆ ಬರುವುದು. ಅದನ್ನು ನೋಡಬೇಕಾದರೆ ನೇರಳೆ ಮಾರ್ಗದ ಮೆಟ್ರೋ ಹತ್ತಿ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ 40 ಕಿಲೋಮೀಟರಿಗೂ ಜಾಸ್ತಿ ದೂರ, ಒಂದು ಒಳ್ಳೆ ನಿದ್ದೆಗೆ ಸಾಕು. ಮೊನ್ನೆ ನನ್ನ ಪಕ್ಕ ಕೂತ ಹುಡುಗಿಯ ತಲೆ ವಿಜಯನಗರದಲ್ಲಿ ಬಾಗಲು ಶುರುವಾಯಿತು. ಮೆಜೆಸ್ಟಿಕ್ ಬರುವಷ್ಟರಲ್ಲಿ ನನ್ನ ಹೆಗಲಿಗೆ ತಾಗಿತು. ಕಬ್ಬನ್ ಪಾರ್ಕ್‌ನಲ್ಲಿ ಬೆಚ್ಚಿ ‘ಸಾರಿ ಆಂಟಿ’ ಅಂದಳು. ಎಂ.ಜಿ. ರೋಡ್ ಬರುವಷ್ಟರಲ್ಲಿ ಮತ್ತೆ ಅಲ್ಲೇ ಇದ್ದಳು. ಇಂದಿರಾನಗರದಲ್ಲಿ ಬಾಗಿಲು ತೆರೆದ ಕೂಡಲೇ ಪಟ್ಟನೆ ಕಣ್ಣು ಬಿಟ್ಟು ಇಳಿದು ಹೋದಳು. ಅದಕ್ಕೆ ಇಂಗ್ಲಿಷಿನಲ್ಲಿ ‘ಕ್ಯಾಟ್‌ನ್ಯಾಪ್’, ಬೆಕ್ಕಿನ ನಿದ್ದೆ. ನಮ್ಮಲ್ಲಿ ಅದು ಕೋಳಿ ನಿದ್ದೆ. ಪ್ರಾಣಿ ಬೇರೆ, ಒಂದು ಕಿವಿ ಎಚ್ಚರವಾಗಿರುವುದು ಮಾತ್ರ ಎರಡರಲ್ಲೂ ಒಂದೇ.

ಪಾರ್ಟ್‌ನರ್‌ಶಿಪ್ ಪತ್ರದಲ್ಲಿ ಆಡಿಟರ್ ನನ್ನನ್ನು ‘ಸ್ಲೀಪಿಂಗ್ ಪಾರ್ಟ್‌ನರ್’ ಅಂತ ಹಾಕಿದ್ದಾರೆ. ಮನೆಯಲ್ಲಿ ಎಲ್ಲರೂ ನಗುತ್ತಿದ್ದಾರೆ.
*ಬಟ್ಟೆ ವ್ಯಾಪಾರಿ, ಚಿಕ್ಕಪೇಟೆ*

ನಗಲಿ ಬಿಡಿ. ಅದು ಹಳೆಯ, ಮರ್ಯಾದಸ್ಥ ವ್ಯಾಪಾರದ ಪದ. ದುಡ್ಡು ಹಾಕಿ ಅಂಗಡಿಯ ದಿನದ ಕೆಲಸಕ್ಕೆ ಕೈ ಹಾಕದ ಪಾಲುದಾರ ಅಂತ. ಅಮೆರಿಕದವರು ‘ಸೈಲೆಂಟ್ ಪಾರ್ಟ್‌ನರ್’ ಅನ್ನುತ್ತಾರೆ. ಆದರೆ ಒಂದು ವಿಷಯ ನಗುವವರಿಗೆ ಗೊತ್ತಿಲ್ಲದೆ ಇರಬಹುದು: 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಅಂಗಡಿ ಸಾಲ ಮಾಡಿದರೆ ಎಚ್ಚರವಾಗಿರುವ ಪಾಲುದಾರನಷ್ಟೇ ನಿದ್ದೆಯ ಪಾಲುದಾರನೂ ಹೊಣೆ. ಹೆಸರಿಗೆ ನಿದ್ದೆ. ಲೆಕ್ಕದ ಪುಸ್ತಕ ನೋಡುವಾಗ ಕಣ್ಣು ಬಿಟ್ಟುಕೊಂಡೇ ಇರಿ.

ಇಂಗ್ಲಿಷಿನಲ್ಲಿ ಅಲ್ಲಾಡದೆ ಬಿದ್ದಿರುವ ಎಲ್ಲದಕ್ಕೂ ನಿದ್ದೆಯ ಹೆಸರು. ರೈಲು ಹಳಿಯ ಕೆಳಗಿನ ಅಡ್ಡ ತೊಲೆ ‘ಸ್ಲೀಪರ್’. ಬ್ರಿಟನ್ನಿನಲ್ಲಿ ರಸ್ತೆಯ ಹಂಪ್‌ಗೆ ‘ಸ್ಲೀಪಿಂಗ್ ಪೊಲೀಸ್‌ಮನ್’, ಮಲಗಿರುವ ಪೊಲೀಸಪ್ಪ! ಆ ಲೆಕ್ಕದಲ್ಲಿ ನಮ್ಮ ಬಡಾವಣೆಯ ಮುಕ್ಕಾಲು ಕಿಲೋಮೀಟರ್ ರಸ್ತೆಯಲ್ಲಿ 11 ಜನ ಪೊಲೀಸರು ಮಲಗಿದ್ದಾರೆ. ಒಬ್ಬರಿಗೂ ಬಿಳಿ ಪಟ್ಟೆ ಬಳಿದಿಲ್ಲ. ರಾತ್ರಿ ಆಟೋದಲ್ಲಿ ಬಂದರೆ ಒಬ್ಬೊಬ್ಬರನ್ನೂ ಸೊಂಟವೇ ಎಣಿಸುತ್ತದೆ. ಇನ್ನು ಮೆಜೆಸ್ಟಿಕ್‌ನಿಂದ ಹುಬ್ಬಳ್ಳಿಗೆ ಹೋಗುವ ‘ಸ್ಲೀಪರ್’ ಬಸ್ಸಿನಲ್ಲಿ ನಾನು ಇದುವರೆಗೆ ನಿದ್ದೆ ಮಾಡಿದ್ದೇ ಇಲ್ಲ.

ನಮ್ಮ ನಾಯಿಯ ಹಲ್ಲು ಕ್ಲೀನ್ ಮಾಡಿಸಬೇಕಿತ್ತು. ಅರಿವಳಿಕೆ ಕೊಡಬೇಕು ಅಂದಿದ್ದರು. ‘ಪ್ಲೀಸ್ ಪುಟ್ ಹಿಮ್ ಟು ಸ್ಲೀಪ್ ಟುಮಾರೋ’ ಅಂತ ಡಾಕ್ಟರಿಗೆ ಮೆಸೇಜ್ ಮಾಡಿದೆ. ಅವರು ಗಾಬರಿಯಿಂದ ಫೋನ್ ಮಾಡಿದರು.
*ಓದುಗರು, ಜೆ.ಪಿ. ನಗರ*

ಆ ಡಾಕ್ಟರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ತಿಳಿಸಿ. ಸಾಕುಪ್ರಾಣಿಯ ವಿಷಯದಲ್ಲಿ ‘ಪುಟ್ ಟು ಸ್ಲೀಪ್’ ಅಂದರೆ ಸೂಜಿ ಕೊಟ್ಟು ಶಾಶ್ವತವಾಗಿ ಮಲಗಿಸುವುದು. ವಾಸಿಯಾಗದ ಕಾಯಿಲೆಗೆ ಆಡುವ ಮೆತ್ತನೆಯ ಮಾತು ಅದು. ‘ಪುಟ್ ದಿ ಬೇಬಿ ಟು ಸ್ಲೀಪ್’ ಅಂದರೆ ಜೋಗುಳ ಹಾಡಿ ಮಲಗಿಸುವುದು, ಅದರಲ್ಲಿ ಏನೂ ಭಯವಿಲ್ಲ. ಮಗುವಿಗೆ ಸರಿ, ನಾಯಿಗೆ ಬೇಡ. ನಾಯಿಗೆ ‘ಸೆಡೇಟ್’ ಅನ್ನಿ, ಇಲ್ಲವೇ ‘ಅನಸ್ತೀಷಿಯಾ’ ಅಂತಲೇ ಬರೆಯಿರಿ. ಇಂಥ ಕಡೆ ಕನ್ನಡದಲ್ಲೇ ಮೆಸೇಜ್ ಮಾಡಿದರೆ ಇನ್ನೂ ಒಳ್ಳೆಯದು. ಡಾಕ್ಟರಿಗೂ ಬರುತ್ತದಲ್ಲ.

ಸಾವನ್ನು ನಿದ್ದೆ ಅಂತ ಕರೆಯುವುದು ನಮ್ಮಲ್ಲೂ ಇದೆ, ಚಿರನಿದ್ರೆ. ಇಂಗ್ಲಿಷಿನ ‘ಸೆಮೆಟ್ರಿ’ ಪದಕ್ಕೂ ಗ್ರೀಕಿನಲ್ಲಿ ‘ಮಲಗುವ ಜಾಗ’ ಅಂತಲೇ ಅರ್ಥ. ಹಾಸ್ಟೆಲಿನ ‘ಡಾರ್ಮಿಟರಿ’ಗೆ ಲ್ಯಾಟಿನ್ನಿನಲ್ಲಿ ಅದೇ ಅರ್ಥ. ಹೊಸೂರು ರಸ್ತೆಯಲ್ಲಿ ಸ್ಮಶಾನದ ಗೋಡೆ ಪಕ್ಕ ಹೋಗುವಾಗ ನನಗೆ ಇದು ನೆನಪಾಗುತ್ತದೆ. ಅಲ್ಲಿನವರ ನಿದ್ದೆ ಆ ರಸ್ತೆಯ ಹಾರ್ನ್‌ಗಳಿಗೂ ಕೆಟ್ಟಿಲ್ಲ.

‘ಸ್ಲೀಪ್ ಆನ್ ಇಟ್’ ಮತ್ತು ‘ಸ್ಲೀಪ್ ಓವರ್ ಇಟ್’ ಎರಡೂ ಒಂದೇನಾ? ನನ್ನ ಫೈಲ್ ಮೇಲೆ ಒಬ್ಬ ಅಧಿಕಾರಿ ಎಂಟು ತಿಂಗಳಿಂದ ‘ಸ್ಲೀಪ್’ ಮಾಡುತ್ತಿದ್ದಾರೆ.
*ಓದುಗರು, ಕೆಂಗೇರಿ*

‘ಲೆಟ್ ಮಿ ಸ್ಲೀಪ್ ಆನ್ ಇಟ್’ ಅಂದರೆ ‘ಒಂದು ರಾತ್ರಿ ಕಳೀಲಿ, ಯೋಚನೆ ಮಾಡಿ ನಾಳೆ ಹೇಳ್ತೀನಿ’ ಅಂತ. ಹೆಣ್ಣು ನೋಡಲು ಹೋದವರು ‘ಊರಿಗೆ ಹೋಗಿ ಕಾಗದ ಬರೀತೀವಿ’ ಅನ್ನುತ್ತಿದ್ದರಲ್ಲ, ಆ ಧಾಟಿ. ‘ಸ್ಲೀಪಿಂಗ್ ಓವರ್ ದಿ ಫೈಲ್’ ಅನ್ನುವುದು ನಮ್ಮ ದೇಶದ ಪತ್ರಿಕೆಗಳು ಚೆನ್ನಾಗಿ ಬೆಳೆಸಿದ ಮಾತು. ನಿಮ್ಮ ಅಧಿಕಾರಿ ‘ಸ್ಲೀಪ್ ಆನ್’ ಮಾಡಿದ್ದರೆ ಎರಡನೇ ದಿನ ಉತ್ತರ ಬರುತ್ತಿತ್ತು. ಎಂಟು ತಿಂಗಳಾಗಿದೆ ಅಂದರೆ ವ್ಯಾಕರಣ ಬಿಟ್ಟು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು ಅಂತ 2005ರ ಕಾಯ್ದೆ ಹೇಳುತ್ತದೆ. ನಿದ್ದೆ ಮಾಡುವವರನ್ನು ಎಬ್ಬಿಸಬಹುದು. ನಿದ್ದೆ ಬಂದವರ ಹಾಗೆ ನಟಿಸುವವರಿಗೆ ಅರ್ಜಿಯೇ ಬೇಕು.

ಕಾಲು ಜೋಮು ಹಿಡಿದಿದೆ ಅನ್ನುವುದಕ್ಕೆ ಏನನ್ನುತ್ತಾರೆ?
*ಓದುಗರು, ಹನುಮಂತನಗರ*

‘ಮೈ ಫುಟ್ ಈಸ್ ಅಸ್ಲೀಪ್’. ನಮ್ಮ ಕಾಲನ್ನು ಜೋಮು ಹಿಡಿಯುತ್ತದೆ, ಅವರ ಕಾಲು ನಿದ್ದೆ ಮಾಡುತ್ತದೆ. ನರ ಒತ್ತಿಹೋಗಿ ಆಗುವುದು. ಕಾಲು ಚಾಚಿದಾಗ ಚುಚ್ಚಿದ ಹಾಗೆ ಆಗುತ್ತದಲ್ಲ, ಅದು ‘ಪಿನ್ಸ್ ಅಂಡ್ ನೀಡಲ್ಸ್’.

ಕೊನೆಯದಾಗಿ, ನಿಮಗೆ ನಿದ್ದೆ ಬರದಿದ್ದರೆ ಇಂಗ್ಲಿಷರ ಹಾಗೆ ಕುರಿ ಎಣಿಸುತ್ತೀರಾ ಮೇಡಂ?
*ಹಳೆಯ ವಿದ್ಯಾರ್ಥಿ, ಈಗ ಕೋರಮಂಗಲ*

ಕುರಿ ನಾನು ಸಾಕಿಲ್ಲಪ್ಪ. ಹಾಜರಿ ಕೂಗುತ್ತೇನೆ. 9 ‘ಬಿ’ ಸೆಕ್ಷನ್, ಮಧ್ಯಾಹ್ನದ ಪೀರಿಯಡ್, ಒಂದನೇ ನಂಬರಿನಿಂದ ಶುರು. ‘ಪ್ರೆಸೆಂಟ್ ಮಿಸ್’, ‘ಪ್ರೆಸೆಂಟ್ ಮಿಸ್’ ಅಂತ ಒಂದೊಂದೇ ದನಿ ಕೇಳಿಸುತ್ತಾ ಹೋಗುತ್ತದೆ. 27ನೇ ನಂಬರಿಗೆ ಬಂದಾಗ ಯಾರೂ ಉತ್ತರ ಕೊಡುವುದಿಲ್ಲ. ಕಿಟಕಿ ಪಕ್ಕದ ಕೊನೆಯ ಬೆಂಚು, ಡೆಸ್ಕಿನ ಮೇಲೆ ತಲೆ ಇಟ್ಟು ನೀನು ಮಲಗಿರುತ್ತೀಯ. ಎರಡನೇ ಸಲ ಕೂಗಬೇಕು ಅಂದುಕೊಳ್ಳುತ್ತೇನೆ. ಅಲ್ಲಿಂದ ಮುಂದಿನ ನಂಬರುಗಳನ್ನು ನಾನು ಇದುವರೆಗೆ ಕೂಗಿದ ನೆನಪಿಲ್ಲ.